ಗಣಿತಸಾರಸಂಗ್ರಹ ಮತ್ತು ಶ್ರಾವಕನ ವ್ಯವಹಾರಶುದ್ಧಿ

ಜಿನಬಿಂಬ ಪ್ರತಿಷ್ಠೆಯ ಪುಣ್ಯಸಂದರ್ಭದಲ್ಲಿ ನಮ್ಮ ಪೂರ್ವಾಚಾರ್ಯರ ಪುರಾಣ, ಕಾವ್ಯ, ಶಿಲ್ಪಗಳನ್ನು ಸ್ಮರಿಸುವುದು ವಾಡಿಕೆಯಾಗಿದೆ. ಅದು ಉಚಿತವೂ ಹೌದು. ಆದರೆ ಅವರು ನಮಗೆ ಬಿಟ್ಟುಹೋದ ಇನ್ನೊಂದು ನಿಧಿಯಾದ ಗಣಿತಶಾಸ್ತ್ರವನ್ನು ನೆನೆಯುವವರು ವಿರಳ. ಶಾಲೆಯಲ್ಲಿ ಬೀಜಗಣಿತದ ಸಮೀಕರಣಗಳನ್ನು ಬಿಡಿಸುವ ನಮ್ಮ ಮಕ್ಕಳಿಗೆ, ಇಂತಹ ಲೆಕ್ಕಗಳನ್ನೇ ಸಾವಿರದ ನೂರು ವರ್ಷಗಳಿಗೂ ಹಿಂದೆ ಕನ್ನಡ ನಾಡಿನಲ್ಲಿ ಒಬ್ಬ ಜೈನಾಚಾರ್ಯರು ಶ್ಲೋಕಗಳಲ್ಲಿ ರಚಿಸಿದ್ದರೆಂಬುದು ತಿಳಿದಿರುವುದಿಲ್ಲ. ಅವರೇ ಗಣಿತಸಾರಸಂಗ್ರಹದ ಕರ್ತೃಗಳಾದ ಮಹಾವೀರಾಚಾರ್ಯರು.

ಜೈನಪರಂಪರೆಯಲ್ಲಿ ಗಣಿತವು ಹೊರಗಿನಿಂದ ಬಂದು ಸೇರಿದ ವಿದ್ಯೆಯಲ್ಲ. ನಾಲ್ಕು ಅನುಯೋಗಗಳಲ್ಲಿ ಕರಣಾನುಯೋಗವು ಲೋಕದ ವಿಭಾಗ, ಪ್ರಮಾಣ, ಕಾಲಗಳನ್ನು ನಿರೂಪಿಸುವಂಥದು. ಸಂಖ್ಯಾತ, ಅಸಂಖ್ಯಾತ, ಅನಂತಗಳ ವಿವೇಚನೆಯಿಲ್ಲದೆ ಅಲ್ಲಿ ಒಂದು ಹೆಜ್ಜೆಯನ್ನೂ ಇಡಲಾಗದು. ಶ್ವೇತಾಂಬರ ಆಗಮವಾದ ಸ್ಥಾನಾಂಗಸೂತ್ರವು ಗಣಿತದ ಹತ್ತು ವಿಷಯಗಳನ್ನು ಹೆಸರಿಸುತ್ತದೆ. ಅವುಗಳಲ್ಲಿ ‘ಯಾವತ್-ತಾವತ್’ ಎಂಬುದೂ ಒಂದು. ‘ಎಷ್ಟೋ ಅಷ್ಟು’ ಎಂದು ಅದರ ಅರ್ಥ. ಇನ್ನೂ ತಿಳಿಯದಿರುವ ರಾಶಿಗೆ ಒಂದು ಹೆಸರನ್ನಿಟ್ಟು, ತಿಳಿದ ಸಂಗತಿಗಳ ನೆರವಿನಿಂದ ಅದನ್ನು ಹುಡುಕುವುದೇ ಬೀಜಗಣಿತದ ಮೊದಲ ಪಾಠವಲ್ಲವೇ? ಇಂದು ಶಾಲೆಯ ಹುಡುಗನು ‘ಎಕ್ಸ್’ ಎಂದು ಬರೆಯುವ ಸ್ಥಾನದಲ್ಲಿ ಅಂದು ಈ ಪದವು ನಿಂತಿತ್ತು.

ಮಹಾವೀರಾಚಾರ್ಯರು ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದವರು. ಮಾನ್ಯಖೇಟ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ, ಆತನ ರಾಜಧಾನಿ. ಜಿನಸೇನಾಚಾರ್ಯರು ಆತನ ಗುರುಗಳು. ‘ಕವಿರಾಜಮಾರ್ಗ’ವು ಹುಟ್ಟಿದ್ದೂ ಆ ಆಸ್ಥಾನದಲ್ಲಿಯೇ. ವಿದ್ಯೆಗೆ ಇಂತಹ ಆಶ್ರಯವಿದ್ದ ಕಾಲದಲ್ಲಿ, ಸುಮಾರು ಕ್ರಿ. ಶ. 850ರ ವೇಳೆಗೆ, ಗಣಿತಸಾರಸಂಗ್ರಹವು ಸಂಸ್ಕೃತದಲ್ಲಿ ರಚಿತವಾಯಿತು. ಆರ್ಯಭಟ, ಬ್ರಹ್ಮಗುಪ್ತರು ಗಣಿತವನ್ನು ತಮ್ಮ ಜ್ಯೋತಿಷಗ್ರಂಥಗಳ ಅಧ್ಯಾಯಗಳಾಗಿ ಹೇಳಿದ್ದರು. ಈ ಆಚಾರ್ಯರಾದರೋ ಗಣಿತಕ್ಕಾಗಿಯೇ ಒಂದು ಸಮಗ್ರ ಗ್ರಂಥವನ್ನು ಮೀಸಲಿಟ್ಟರು. ಸಂಜ್ಞೆಗಳಿಂದ ಮೊದಲಾಗಿ ಪರಿಕರ್ಮ, ಭಿನ್ನರಾಶಿ, ತ್ರೈರಾಶಿಕ, ಮಿಶ್ರಕ, ಕ್ಷೇತ್ರ, ಖಾತ, ಛಾಯೆಗಳವರೆಗೆ ಅದು ಒಂಬತ್ತು ಅಧ್ಯಾಯಗಳಲ್ಲಿ ಹಬ್ಬಿದೆ. ಜಿನವಂದನೆಯ ತರುವಾಯ ಆಚಾರ್ಯರು, ಲೌಕಿಕದಲ್ಲಿಯಾಗಲಿ ಧಾರ್ಮಿಕದಲ್ಲಿಯಾಗಲಿ ಗಣಿತದ ನೆರವಿಲ್ಲದೆ ಯಾವ ಕಾರ್ಯವೂ ಸಾಗದೆಂದು ಸಾರುತ್ತಾರೆ. ಅರ್ಥಶಾಸ್ತ್ರ, ಸಂಗೀತ, ಪಾಕಶಾಸ್ತ್ರ, ವೈದ್ಯ, ವಾಸ್ತು ಎಲ್ಲವೂ ಅವರ ಪಟ್ಟಿಯಲ್ಲಿವೆ.

ಗ್ರಂಥದ ಜೀವವಿರುವುದು ಅದರ ಉದಾಹರಣೆಗಳಲ್ಲಿ. ಸೂತ್ರವನ್ನು ಹೇಳಿ ಅಲ್ಲಿಗೇ ನಿಲ್ಲಿಸದೆ, ನಿತ್ಯಜೀವನದಿಂದ ಆಯ್ದ ಲೆಕ್ಕಗಳಿಂದ ಶಿಷ್ಯನಿಗೆ ಅಭ್ಯಾಸ ಮಾಡಿಸುವುದು ಆಚಾರ್ಯರ ಕ್ರಮ. ಒಂದು ಕಂಬದ ಎಂಟನೆಯ ಒಂದು ಭಾಗ ನೆಲದಲ್ಲಿ ಹೂತಿದೆ, ಮೂರನೆಯ ಒಂದು ಭಾಗ ನೀರಿನಲ್ಲಿದೆ, ನಾಲ್ಕನೆಯ ಒಂದು ಭಾಗ ಪಾಚಿಯಲ್ಲಿದೆ, ಉಳಿದ 7 ಹಸ್ತ ಮೇಲೆ ಕಾಣುತ್ತಿದೆ, ಕಂಬದ ಉದ್ದವೆಷ್ಟು? ಕಾಣದ ಭಾಗಗಳನ್ನು ಕೂಡಿಸಿದರೆ ಇಪ್ಪತ್ತನಾಲ್ಕರಲ್ಲಿ ಹದಿನೇಳು ಪಾಲು. ಉಳಿದ ಏಳು ಪಾಲೇ 7 ಹಸ್ತವಾದುದರಿಂದ ಕಂಬವು 24 ಹಸ್ತ. ಕಾಣುವುದರಿಂದ ಕಾಣದುದನ್ನು ಅಳೆಯುವ ಈ ಯುಕ್ತಿಯೇ ಏಕವರ್ಣ ಸಮೀಕರಣ.

ಎರಡು ಅಜ್ಞಾತಗಳ ಲೆಕ್ಕವು ಹಣ್ಣಿನ ವ್ಯಾಪಾರದಿಂದ ಬಂದಿದೆ. 9 ಮಾದಳದ ಹಣ್ಣು ಮತ್ತು 7 ಬೇಲದ ಹಣ್ಣುಗಳ ಒಟ್ಟು ಬೆಲೆ 107; 7 ಮಾದಳ ಮತ್ತು 9 ಬೇಲದ ಹಣ್ಣುಗಳ ಒಟ್ಟು ಬೆಲೆ 101. ಒಂದೊಂದರ ಬೆಲೆಯೇನು? ದೊಡ್ಡ ಬೆಲೆಯನ್ನು ದೊಡ್ಡ ಸಂಖ್ಯೆಯಿಂದಲೂ ಚಿಕ್ಕ ಬೆಲೆಯನ್ನು ಚಿಕ್ಕ ಸಂಖ್ಯೆಯಿಂದಲೂ ಗುಣಿಸಿ ಕಳೆಯಬೇಕು. 963ರಲ್ಲಿ 707 ಹೋದರೆ 256. ಹಣ್ಣುಗಳ ಸಂಖ್ಯೆಗಳ ವರ್ಗಗಳ ಅಂತರ, 81ರಲ್ಲಿ 49 ಹೋಗಿ, 32. ಭಾಗಿಸಿದರೆ ಮಾದಳದ ಬೆಲೆ 8; ಅದರಿಂದ ಬೇಲದ ಬೆಲೆ 5. ಇಂದಿನ ಪಠ್ಯಪುಸ್ತಕದ ಯುಗಪತ್ ಸಮೀಕರಣಗಳ ವಿಧಾನವೂ ತತ್ತ್ವತಃ ಇದೇ.

ಇವೆಲ್ಲಕ್ಕಿಂತ ಸ್ವಾರಸ್ಯವಾದುದು ಹಣದ ಚೀಲದ ಲೆಕ್ಕ. ಮೂವರು ವರ್ತಕರು ದಾರಿಯಲ್ಲಿ ಬಿದ್ದಿದ್ದ ಒಂದು ಹಣದ ಚೀಲವನ್ನು ಕಂಡರು. ‘ಇದು ನನಗೆ ದೊರೆತರೆ ನಿಮ್ಮಿಬ್ಬರ ಹಣದ ಎರಡರಷ್ಟು ನನ್ನದಾಗುತ್ತದೆ’ ಎಂದನು ಮೊದಲನೆಯವನು. ‘ನನಗೆ ದೊರೆತರೆ ಮೂರರಷ್ಟು’ ಎಂದನು ಎರಡನೆಯವನು. ‘ನನಗಾದರೆ ಐದರಷ್ಟು’ ಎಂದನು ಮೂರನೆಯವನು. ಚೀಲದಲ್ಲಿದ್ದುದೆಷ್ಟು, ಒಬ್ಬೊಬ್ಬನ ಕೈಯಲ್ಲಿದ್ದುದೆಷ್ಟು? ಚೀಲದ ಹಣವನ್ನೂ ಮೂವರ ಹಣವನ್ನೂ ಕೂಡಿಸಿದ ಮೊತ್ತವು, ಮೊದಲನೆಯವನ ಮಾತಿನಂತೆ, ಉಳಿದಿಬ್ಬರ ಹಣದ ಮೂರರಷ್ಟಾಗಬೇಕು. ಎರಡನೆಯವನ ಮಾತಿನಂತೆ ನಾಲ್ಕರಷ್ಟು, ಮೂರನೆಯವನ ಮಾತಿನಂತೆ ಆರರಷ್ಟು. ಮೊತ್ತವನ್ನು 24 ಎಂದು ಹಿಡಿದರೆ ಇಬ್ಬಿಬ್ಬರ ಹಣವು ಕ್ರಮವಾಗಿ 8, 6, 4 ಆಗುತ್ತದೆ. ಇವುಗಳನ್ನು ಕೂಡಿಸಿದಾಗ ಪ್ರತಿಯೊಬ್ಬನ ಹಣವೂ ಎರಡು ಸಲ ಬರುವುದರಿಂದ, 18ರ ಅರ್ಧವಾದ 9 ಮೂವರ ಒಟ್ಟು ಹಣ. ಆದುದರಿಂದ ಅವರಲ್ಲಿದ್ದುದು 1, 3, 5, ಚೀಲದಲ್ಲಿದ್ದುದು 15. ಇದೇ ಪ್ರಮಾಣದಲ್ಲಿ ಇವೆಲ್ಲವನ್ನೂ ಹೆಚ್ಚಿಸಿದರೂ ಲೆಕ್ಕವು ಕೂಡಿಬರುತ್ತದೆ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಆ ಚೀಲವು ಯಾರದೆಂದು ಮೂವರಲ್ಲಿ ಒಬ್ಬನೂ ಕೇಳಲಿಲ್ಲ! ಆಚಾರ್ಯರು ಈ ಲೆಕ್ಕದಲ್ಲಿ ನೀತಿಯನ್ನು ಬೋಧಿಸುವುದಿಲ್ಲ, ಉತ್ತರವನ್ನಷ್ಟೇ ಕೇಳುತ್ತಾರೆ. ಆದರೆ ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವನ್ನು ಬಲ್ಲವರಿಗೆ ಅಚೌರ್ಯಾಣುವ್ರತದ ಲಕ್ಷಣವು ನೆನಪಾಗದಿರದು. ಇಟ್ಟುದಾಗಲಿ, ಬಿದ್ದುದಾಗಲಿ, ಮರೆತುದಾಗಲಿ, ಕೊಡದೆ ಇರುವ ಪರರ ಸ್ವತ್ತನ್ನು ತೆಗೆದುಕೊಳ್ಳದಿರುವುದೇ ಆ ವ್ರತ. ಅಳತೆ ತೂಕಗಳಲ್ಲಿ ಹೆಚ್ಚುಕಡಿಮೆ ಮಾಡುವುದನ್ನು ತತ್ತ್ವಾರ್ಥಸೂತ್ರವು ಅದೇ ವ್ರತದ ಅತಿಚಾರಗಳಲ್ಲಿ ಎಣಿಸಿದೆ. ಸಮೀಕರಣವೆಂದರೆ ಎರಡು ತಟ್ಟೆಗಳೂ ಸಮನಾಗಿ ನಿಂತ ತಕ್ಕಡಿ. ಒಂದು ಕಡೆ ತೆಗೆದುದನ್ನು ಇನ್ನೊಂದು ಕಡೆಯೂ ತೆಗೆಯಲೇಬೇಕು. ವ್ಯಾಪಾರವನ್ನು ವೃತ್ತಿಯನ್ನಾಗಿಸಿಕೊಂಡ ಶ್ರಾವಕಕುಲಗಳಿಗೆ ಬಡ್ಡಿ, ಪಾಲುಗಾರಿಕೆ, ಬೆರಕೆಯ ಚಿನ್ನ ಇವುಗಳ ಲೆಕ್ಕವನ್ನು ಸರಿಯಾಗಿ ಬಲ್ಲವನಾಗುವುದು ಜಾಣತನವಷ್ಟೇ ಅಲ್ಲ. ಅರಿಯದೆಯೂ ಪರರ ಪಾಲನ್ನು ನುಂಗದಿರುವುದಕ್ಕೆ ಅದೇ ಸಾಧನ.

ಆಚಾರ್ಯರ ಪ್ರತಿಭೆ ಸರಳ ಲೆಕ್ಕಗಳಿಗೇ ಮುಗಿಯುವುದಿಲ್ಲ. ಒಂಟೆಗಳ ಹಿಂಡಿನ ಕಾಲುಭಾಗ ಕಾಡಿನಲ್ಲಿಯೂ, ಹಿಂಡಿನ ವರ್ಗಮೂಲದ ಎರಡರಷ್ಟು ಬೆಟ್ಟದ ತಪ್ಪಲಿನಲ್ಲಿಯೂ, 15 ಒಂಟೆಗಳು ಹೊಳೆಯ ದಡದಲ್ಲಿಯೂ ಇದ್ದರೆ ಹಿಂಡೆಷ್ಟು ಎಂಬುದು ವರ್ಗಸಮೀಕರಣ, ಉತ್ತರ 36. ಋಣರಾಶಿಯು ಸ್ವಭಾವತಃ ವರ್ಗವಲ್ಲವಾದುದರಿಂದ ಅದಕ್ಕೆ ವರ್ಗಮೂಲವಿಲ್ಲವೆಂದು ಅವರು ಸ್ಪಷ್ಟವಾಗಿ ಹೇಳಿದರು. ಶೂನ್ಯದಿಂದ ಭಾಗಿಸಿದ ರಾಶಿಯು ಬದಲಾಗದೆ ಉಳಿಯುವುದೆಂಬ ಅವರ ಮಾತನ್ನು ಮಾತ್ರ ಇಂದಿನ ಗಣಿತವು ಒಪ್ಪುವುದಿಲ್ಲ. ಇದನ್ನು ಮರೆಮಾಚಬೇಕಾದುದಿಲ್ಲ, ಸಮ್ಯಗ್ಜ್ಞಾನವನ್ನು ರತ್ನತ್ರಯದಲ್ಲಿ ಒಂದೆಂದು ನಂಬಿದವರಿಗೆ ಉಳ್ಳುದನ್ನು ಉಳ್ಳಂತೆ ಹೇಳುವುದೇ ಆಚಾರ್ಯರಿಗೆ ಸಲ್ಲಿಸುವ ಗೌರವ.

ಈ ಪರಂಪರೆಯು ಸಂಸ್ಕೃತದಲ್ಲಿಯೇ ನಿಲ್ಲಲಿಲ್ಲ. 11ನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಗಣಿತಸಾರಸಂಗ್ರಹವನ್ನು ತೆಲುಗಿಗೆ ತಂದನು. 12ನೆಯ ಶತಮಾನದಲ್ಲಿ ಜೈನಕವಿ ರಾಜಾದಿತ್ಯನು ವ್ಯವಹಾರಗಣಿತ, ಕ್ಷೇತ್ರಗಣಿತ ಮೊದಲಾದ ಗ್ರಂಥಗಳನ್ನು ಕನ್ನಡದಲ್ಲಿಯೇ ರಚಿಸಿದನು. ಸಂಸ್ಕೃತವನ್ನರಿಯದ ಕನ್ನಡಿಗನಿಗೂ ಲೆಕ್ಕವು ಅವನ ನುಡಿಯಲ್ಲಿಯೇ ದೊರೆಯುವಂತಾಯಿತು.

ಓಲೆಗರಿಗಳಲ್ಲಿ ಉಳಿದುಬಂದ ಗಣಿತಸಾರಸಂಗ್ರಹವನ್ನು ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಮದರಾಸಿನಿಂದ ಪ್ರಕಟಿಸಿದರು. 1963ರಲ್ಲಿ ಸೊಲ್ಲಾಪುರದಿಂದ ಹಿಂದಿ ಅನುವಾದ ಬಂದಿತು. 2000ದಲ್ಲಿ ಪದ್ಮಾವತಮ್ಮನವರ ಕನ್ನಡ ಅನುವಾದವು ಹೊಂಬುಜದಿಂದ ಹೊರಬಂದಿತು. ಹೀಗೆ ಗ್ರಂಥವು ನಮ್ಮ ಭಾಷೆಯಲ್ಲಿ ನಮ್ಮ ಕೈಗೆ ಬಂದಿದೆ. ಅದನ್ನು ತೆರೆದು ಓದುವ ಕೆಲಸವು ನಮ್ಮದು.

ದಾನಚಿಂತಾಮಣಿ ಅತ್ತಿಮಬ್ಬೆಯು ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ನಾಡು ಇದು. ಶಾಸ್ತ್ರದಾನವನ್ನು ಮಹಾದಾನವೆಂದು ಬಗೆದವರು ನಾವು. ನೂತನ ಬಸದಿಯ ಸ್ವಾಧ್ಯಾಯಶಾಲೆಯಲ್ಲಿ ಪುರಾಣಗಳ ಪಕ್ಕದಲ್ಲಿ ಗಣಿತಸಾರಸಂಗ್ರಹವೂ ಒಂದು ಸ್ಥಾನವನ್ನು ಪಡೆಯಲಿ. ವಾರಕ್ಕೊಂದು ಶ್ಲೋಕದ ಲೆಕ್ಕವನ್ನು ಹಿರಿಯರು ಕೇಳಲಿ, ಮಕ್ಕಳು ಬಿಡಿಸಲಿ. ದಾರಿಯಲ್ಲಿ ಬಿದ್ದ ಚೀಲದಲ್ಲಿ ಎಷ್ಟಿತ್ತೆಂಬುದನ್ನೂ, ಅದು ಯಾರದೆಂದು ವಿಚಾರಿಸಬೇಕೆಂಬುದನ್ನೂ ಅವರು ಒಟ್ಟಿಗೇ ಕಲಿಯಲಿ. ಜಿನಶಾಸನವು ಜಯಿಸಲಿ.