ಶಿಷ್ಯನಿಗೇ ಹೆಚ್ಚು ಗೊತ್ತಿದ್ದಾಗ: ಉಪನಿಷತ್ತಿನ ಮೂರು ಪ್ರಸಂಗಗಳು

ಬೃಹದಾರಣ್ಯಕ ಉಪನಿಷತ್ತಿನ ಎರಡನೆಯ ಅಧ್ಯಾಯ ಶುರುವಾಗುವುದೇ ಒಬ್ಬ ಜಂಬದ ಉಪಾಧ್ಯಾಯನಿಂದ. ಗಾರ್ಗ್ಯ ಬಾಲಾಕಿ ಕಾಶಿಯ ಅರಸ ಅಜಾತಶತ್ರುವಿನ ಬಳಿ ಬಂದು, ಬ್ರಹ್ಮವನ್ನು ಬೋಧಿಸುತ್ತೇನೆ ಎನ್ನುತ್ತಾನೆ. ಅಷ್ಟು ಮಾತಿಗೇ ಅರಸ ಸಾವಿರ ಹಸು ಕೊಡಲು ಸಿದ್ಧ. ಸೂರ್ಯನಲ್ಲಿರುವ ಪುರುಷ, ಚಂದ್ರನಲ್ಲಿರುವವನು, ಮಿಂಚಿನಲ್ಲಿ, ಗಾಳಿಯಲ್ಲಿ, ನೀರಿನಲ್ಲಿ, ಕನ್ನಡಿಯಲ್ಲಿ, ನೆರಳಿನಲ್ಲಿ ಇರುವವನು, ಹೀಗೆ ಹನ್ನೆರಡು ಉತ್ತರಗಳು ಬರುತ್ತವೆ. ಪ್ರತಿಯೊಂದಕ್ಕೂ ಅರಸನದು ಒಂದೇ ಧಾಟಿ: ಅದನ್ನು ನಾನು ಇಂಥದೆಂದು ಉಪಾಸಿಸುತ್ತೇನೆ, ಅದರ ಫಲ ಇಂಥದು. ಬಾಲಾಕಿ ಸುಮ್ಮನಾಗುತ್ತಾನೆ. ಇಷ್ಟೇನಾ ಎಂದರೆ, ಇಷ್ಟೇ ಎನ್ನುತ್ತಾನೆ. ಪಾಠ ಮಾಡಿ ಬಲ್ಲ ಯಾರಿಗೂ ಆ ಗಳಿಗೆಯನ್ನು ವಿವರಿಸಬೇಕಿಲ್ಲ.

ಡಾಯ್ಸನ್, ಗಾರ್ಬೆ ಮೊದಲಾದ ಜರ್ಮನ್ ವಿದ್ವಾಂಸರು ಇಂಥ ಪ್ರಸಂಗಗಳಲ್ಲಿ ಬ್ರಹ್ಮವಿದ್ಯೆ ಕ್ಷತ್ರಿಯರಲ್ಲಿ ಹುಟ್ಟಿತೆಂಬುದಕ್ಕೆ ಪುರಾವೆ ಹುಡುಕಿದರು. ಆ ಚರ್ಚೆ ಹಳೆಯದು, ಅದರಿಂದ ಇನ್ನು ಹೆಚ್ಚೇನೂ ಹೊರಡಲಾರದು ಎಂದು ನನ್ನ ಅಭಿಪ್ರಾಯ. ನನ್ನ ಪ್ರಶ್ನೆ ಬೇರೆ. ಕೇಳುವವನೇ ಹೆಚ್ಚು ಬಲ್ಲವನೆಂದು ಬಯಲಾದ ಮೇಲೆ ಪಾಠ ಮುಂದುವರಿದದ್ದು ಹೇಗೆ?

ಬಾಲಾಕಿ ತಾನೇ ಶಿಷ್ಯನಾಗುತ್ತೇನೆ ಎಂದಾಗ ಅಜಾತಶತ್ರು ಒಪ್ಪುವುದಿಲ್ಲ. ಬ್ರಾಹ್ಮಣ ಕ್ಷತ್ರಿಯನ ಶಿಷ್ಯನಾಗುವುದು ತಲೆಕೆಳಗಾದ ಕ್ರಮ, ಆದರೂ ತಿಳಿಸಿಕೊಡುತ್ತೇನೆ ಎಂದು ಅವನ ಕೈ ಹಿಡಿದು ಎಬ್ಬಿಸುತ್ತಾನೆ. ಇಬ್ಬರೂ ಮಲಗಿದ್ದ ಒಬ್ಬನ ಬಳಿ ಹೋಗುತ್ತಾರೆ. ಹೆಸರು ಹಿಡಿದು ಕೂಗಿದರೆ ಅವನು ಏಳುವುದಿಲ್ಲ. ಕೈಯಿಂದ ಅಲುಗಿಸಿದಾಗ ಏಳುತ್ತಾನೆ. ಹಾಗಾದರೆ ನಿದ್ದೆಯಲ್ಲಿ ಇವನು ಎಲ್ಲಿದ್ದ? ನಿಜವಾದ ಪಾಠ ಈ ಪ್ರಶ್ನೆಯಿಂದ ತೊಡಗುತ್ತದೆ. ಇದೇ ಕಥೆ ಕೌಷೀತಕಿ ಉಪನಿಷತ್ತಿನಲ್ಲೂ ಇದೆ. ಅಲ್ಲಿ ಬಾಲಾಕಿ ಶಿಷ್ಯನಾಗಬಯಸುವವನ ಗುರುತಾದ ಸಮಿತ್ತು ಹಿಡಿದೇ ಬರುತ್ತಾನೆ, ಮಲಗಿದವನಿಗೆ ಕೋಲಿನ ತಿವಿತ ಬೀಳುತ್ತದೆ. ಅರಸನ ಉತ್ತರ ಮಾತ್ರ ಬದಲಾಗಿಲ್ಲ. ಎರಡೂ ಪಾಠಗಳಲ್ಲಿ ಬೋಧನೆ ನಡೆಯುತ್ತದೆ, ಶಿಷ್ಯನಾಗಿ ಸ್ವೀಕರಿಸುವ ಉಪನಯನ ನಡೆಯುವುದಿಲ್ಲ.

ಇದು ಆಕಸ್ಮಿಕವಲ್ಲ. ಛಾಂದೋಗ್ಯದ ಐದನೆಯ ಅಧ್ಯಾಯದಲ್ಲಿ ಐವರು ದೊಡ್ಡ ಗೃಹಸ್ಥರು ವೈಶ್ವಾನರ ಆತ್ಮದ ಬಗ್ಗೆ ತಿಳಿಯಲು ಉದ್ದಾಲಕನಲ್ಲಿಗೆ ಬರುತ್ತಾರೆ. ಇವರು ಕೇಳುವುದಕ್ಕೆಲ್ಲ ಉತ್ತರಿಸಲು ತನ್ನಿಂದಾಗದು ಎಂದು ಉದ್ದಾಲಕ ಬಾಯಿ ತೆರೆಯುವ ಮೊದಲೇ ಲೆಕ್ಕ ಹಾಕುತ್ತಾನೆ. ಅವರನ್ನು ಕೇಕಯದ ಅರಸ ಅಶ್ವಪತಿಯ ಬಳಿಗೆ ಕರೆದೊಯ್ಯುತ್ತಾನೆ. ತಾನೂ ಅವರ ಸಾಲಿನಲ್ಲೇ ನಿಲ್ಲುತ್ತಾನೆ. ಆರೂ ಜನ ಸಮಿತ್ತು ಹಿಡಿದು ಬಂದರೂ ಅಶ್ವಪತಿ ಉಪನಯನ ಮಾಡದೆಯೇ ಕಲಿಸಿದನೆಂದು ಗ್ರಂಥ ಸ್ಪಷ್ಟವಾಗಿ ದಾಖಲಿಸುತ್ತದೆ. ಇನ್ನು ಬೃಹದಾರಣ್ಯಕದ ಆರನೆಯ ಅಧ್ಯಾಯ. ಮಗ ಶ್ವೇತಕೇತು ಸೋತು ಬಂದ ಪ್ರಶ್ನೆಗಳನ್ನು ಹೊತ್ತು ತಂದೆ ಉದ್ದಾಲಕ ಅರಸ ಪ್ರವಾಹಣ ಜೈವಲಿಯ ಬಳಿ ಹೋದಾಗ ಶಿಷ್ಯತ್ವ ಬರೀ ಬಾಯಿಮಾತಿನಲ್ಲಿ ಮುಗಿಯುತ್ತದೆ.

ಅಂದರೆ ಅರಿವು ಯಾವ ದಿಕ್ಕಿನಿಂದಲಾದರೂ ಬರಲಿ ಎಂದು ಒಪ್ಪಿದ ಪರಂಪರೆ, ಸ್ಥಾನವನ್ನು ಮಾತ್ರ ಅಲುಗಿಸಲಿಲ್ಲ. ಆಪಸ್ತಂಬ ಧರ್ಮಸೂತ್ರ ಇದನ್ನೇ ಕಟ್ಟಳೆಯಾಗಿಸಿತು: ಆಪತ್ಕಾಲದಲ್ಲಿ ಬ್ರಾಹ್ಮಣ ಕ್ಷತ್ರಿಯನಲ್ಲೋ ವೈಶ್ಯನಲ್ಲೋ ಕಲಿಯಬಹುದು, ಆಗ ಅವನ ಹಿಂದೆ ನಡೆಯಬೇಕು, ಕಲಿಕೆ ಮುಗಿದ ಮೇಲೆ ಬ್ರಾಹ್ಮಣನೇ ಮುಂದೆ.

ಇಂಥ ಏರ್ಪಾಡು ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ, ಮೇಲುಕೋಟೆಯಿಂದಾಗಿ ಕನ್ನಡಿಗರಿಗೂ ಹತ್ತಿರದವರಾದ ರಾಮಾನುಜರ ಕಥನವೇ ಸಾಕು. ಕಂಚಿಯಲ್ಲಿ ಗುರು ಯಾದವಪ್ರಕಾಶರ ವ್ಯಾಖ್ಯಾನವನ್ನು ಶಿಷ್ಯ ಮತ್ತೆ ಮತ್ತೆ ತಿದ್ದಿದ. ಗುರು ಕಾಶಿಯಾತ್ರೆಯ ನೆಪದಲ್ಲಿ ಅವನನ್ನು ಗಂಗೆಗೆ ನೂಕಲು ಹೊಂಚಿದರು. ಕೊನೆಗೆ ಅದೇ ಗುರು ಶಿಷ್ಯನಿಂದಲೇ ಸಂನ್ಯಾಸ ಪಡೆದರು. ಗುರುಪರಂಪರೆಯ ಗ್ರಂಥಗಳು ಹೇಳುವ ಈ ಕೊಲೆಸಂಚನ್ನು ಇತಿಹಾಸವೆಂದು ನಂಬಬೇಕಿಲ್ಲ. ರಾಮಾನುಜರು ‘ವೇದಾರ್ಥಸಂಗ್ರಹ’ದಲ್ಲಿ ಯಾದವಪ್ರಕಾಶರ ಮತವನ್ನು ಖಂಡಿಸಿದ್ದು ಮಾತ್ರ ದಿಟ. ಕಥನಕಾರರಿಗೆ ತೋಚಿದ್ದು ಎರಡೇ ದಾರಿ, ಕೊಲ್ಲುವುದು ಅಥವಾ ಕಾಲಿಗೆರಗುವುದು. ಕೈ ಹಿಡಿದು ಜೊತೆಗೆ ನಡೆಯುವ ಅಜಾತಶತ್ರುವಿನ ದಾರಿ ಅವರಿಗೆ ಹೊಳೆಯಲೇ ಇಲ್ಲ.

ಪ್ರಶ್ನಾತೀತ ಗುರುವೇ ನಮ್ಮ ಪರಂಪರೆ ಎಂದು ವಾದಿಸುವವರು ಬಾಲಾಕಿಯನ್ನೂ ಉದ್ದಾಲಕನನ್ನೂ ಮೂಲದಲ್ಲಿ ಓದಬೇಕು. ಆ ಔದಾರ್ಯವನ್ನು ಹಾಡಿ ಹೊಗಳುವವರು ಆಪಸ್ತಂಬನನ್ನೂ ಓದಬೇಕು: ಆಪತ್ಕಾಲದಲ್ಲಿ ಯಾರಿಂದ ಕಲಿಯಬಹುದೆಂಬ ಅವನ ಪಟ್ಟಿ ವೈಶ್ಯನಲ್ಲಿಗೆ ನಿಲ್ಲುತ್ತದೆ.