ನಂಜನಗೂಡು ರಸಬಾಳೆಯ ಕಥೆ

ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ, ನಮ್ಮ ತಾಲ್ಲೂಕಿನ ಹೆಸರನ್ನು ನಾಡಿಗೆಲ್ಲ ಪರಿಚಯಿಸಿದ ಒಂದು ಬೆಳೆಯ ಚರಿತ್ರೆಯನ್ನು ಸ್ಮರಿಸುವುದು ಉಚಿತವೆಂದು ನಾವು ಭಾವಿಸಿದ್ದೇವೆ. ಅದೇ ನಂಜನಗೂಡು ರಸಬಾಳೆ.

ಕಪಿಲಾ ನದಿ ಬಯಲಿನ ಕಪ್ಪು ಜೇಡಿಮಣ್ಣು ಈ ಬಾಳೆಯ ತವರು. ಅದರಲ್ಲೂ ದೇವರಸನಹಳ್ಳಿ ಕಡೆಯ ಹಣ್ಣಿಗೆ ವಿಶೇಷ ಹೆಸರು. ಹಣ್ಣು ದುಂಡಗೆ, ಸಿಪ್ಪೆ ತೆಳು, ತಿರುಳು ಬೆಳ್ಳಗೆ, ಮೃದು. ಸಿಹಿಯ ಜೊತೆಗೆ ತುಸು ಹುಳಿ. ಸಿಪ್ಪೆ ಕಪ್ಪಾದರೂ ಒಳಗೆ ತಿರುಳು ಚೆನ್ನಾಗಿಯೇ ಇರುತ್ತದೆ. ಒಂದು ಚಿಪ್ಪು ಮನೆಯಲ್ಲಿಟ್ಟರೆ ಸಾಕು, ಪಡಸಾಲೆಯೆಲ್ಲ ಘಮ್ಮೆನ್ನುತ್ತದೆ. ಒಂದೇ ಕೊರತೆಯೆಂದರೆ, ಪೂರಾ ಹಣ್ಣಾದ ಮೇಲೆ ಚಿಪ್ಪಿನಿಂದ ಕಳಚಿ ಉದುರುತ್ತದೆ.

ಇಂಥ ಬಾಳೆ ಕಮ್ಮಿಯಾದದ್ದು ಕೊಳ್ಳುವವರಿಲ್ಲದೆ ಅಲ್ಲ, ಪನಾಮ ಸೊರಗು ರೋಗದಿಂದ. ಇದು ಮಣ್ಣಿನಲ್ಲಿರುವ ಫ್ಯುಸೇರಿಯಂ ಎಂಬ ಶಿಲೀಂಧ್ರದ ಕಾಟ. ಮೊದಲು ಕೆಳಗಿನ ಎಲೆಗಳ ಅಂಚು ಹಳದಿಯಾಗುತ್ತದೆ, ಆಮೇಲೆ ಎಲೆಗಳು ಮುರಿದು ಗಿಡದ ಸುತ್ತ ಜೋತು ಬೀಳುತ್ತವೆ. ಗೆಡ್ಡೆ ಕೊಯ್ದು ನೋಡಿದರೆ ಒಳಗೆ ಕೆಂಗಂದು ಬಣ್ಣ. ರೋಗ ಹತ್ತಿದ ಗಿಡವನ್ನು ಉಳಿಸುವ ಔಷಧಿಯಿಲ್ಲ. ಗಿಡ ಕಿತ್ತು ಹಾಕಿದರೂ ರೋಗ ಮಣ್ಣಿನಲ್ಲಿ ಹತ್ತಾರು ವರ್ಷ ಉಳಿದುಕೊಳ್ಳುತ್ತದೆ.

ಇದೇ ರೋಗ ಮಧ್ಯ ಅಮೆರಿಕದಲ್ಲಿ ಗ್ರೋ ಮಿಷೆಲ್ ಎಂಬ ಪ್ರಸಿದ್ಧ ಬಾಳೆಯ ತೋಟಗಳನ್ನು ಹಾಳುಗೆಡವಿತು. 1960ರ ಹೊತ್ತಿಗೆ ಅಲ್ಲಿಯವರು ಕ್ಯಾವೆಂಡಿಶ್ ಜಾತಿಗೆ ತಿರುಗಿದರು. ನಮ್ಮ ಪಚ್ಚಬಾಳೆಯೂ ಅದೇ ಗುಂಪಿನದು. ನಮ್ಮಲ್ಲೂ ಎಷ್ಟೋ ರೈತರು ರಸಬಾಳೆ ಬಿಟ್ಟು ಬೇರೆ ಬಾಳೆಗೆ ಹೋದರು.

2005-06ರಲ್ಲಿ ನಂಜನಗೂಡು ಬಾಳೆಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಸಂತೋಷದ ವಿಷಯವೇ ಸರಿ. ಆದರೆ ಸರ್ಟಿಫಿಕೇಟ್ ಬಂದ ಮಾತ್ರಕ್ಕೆ ಮಣ್ಣಿನ ರೋಗ ಹೋಗುವುದಿಲ್ಲವಲ್ಲ!

ಈ ರೋಗ ಹರಡುವುದು ಕಂದಿನಿಂದ, ಗುದ್ದಲಿಗೆ ಅಂಟಿದ ಮಣ್ಣಿನಿಂದ, ಹರಿಯುವ ನೀರಿನಿಂದ. ಕಣ್ಣಿಗೆ ಚೆನ್ನಾಗಿ ಕಾಣುವ ಕಂದಿನೊಳಗೂ ರೋಗ ಇರಬಹುದು. ಟಿಶ್ಯೂ ಕಲ್ಚರ್ ಸಸಿ ರೋಗವಿಲ್ಲದೆ ಬಂದರೂ, ರೋಗದ ಮಣ್ಣಿಗೆ ಇಟ್ಟರೆ ಅದೂ ಸೊರಗುತ್ತದೆ. ಆದ್ದರಿಂದ ರೋಗ ಕಾಣದ ಜಮೀನು, ನಂಬಿಕೆಯ ಸಸಿ, ತೊಳೆದ ಸಲಕರಣೆ, ಈ ಮೂರೂ ಬೇಕು.

ಒಬ್ಬರ ತೋಟ ಎಷ್ಟೇ ಚೊಕ್ಕಟವಾಗಿದ್ದರೂ, ಪಕ್ಕದ ತೋಟದ ನೀರು ರೋಗ ಹೊತ್ತು ತಂದರೆ ಏನು ಪ್ರಯೋಜನ? ರಸಬಾಳೆ ಉಳಿಸುವುದು ಒಬ್ಬರಿಂದಾಗುವ ಕೆಲಸವಲ್ಲ, ಅಕ್ಕಪಕ್ಕದವರೆಲ್ಲ ಸೇರಿ ಮಾಡಬೇಕಾದ ಸಹಕಾರದ ಕೆಲಸ. ಆಸಕ್ತ ಸದಸ್ಯರು ಮುಂದೆ ಬಂದರೆ ಒಟ್ಟಾಗಿ ಸಸಿ ತರಿಸುವ ವಿಚಾರವನ್ನು ಮುಂದಿನ ಮಹಾಸಭೆಯಲ್ಲಿ ಇಡಲು ನಾವು ಸಿದ್ಧರಿದ್ದೇವೆ.