‘ಟಾಪ್ ಗನ್’ ಚಿತ್ರವೂ ಮಿರಾಮಾರಿನ ಪಾಠಶಾಲೆಯೂ

1986ನೆಯ ಇಸವಿಯ ಮೇ ತಿಂಗಳಲ್ಲಿ ಅಮೇರಿಕಾ ದೇಶದಲ್ಲಿ ತೆರೆಕಂಡ ‘ಟಾಪ್ ಗನ್’ ಎಂಬ ವಾಕ್ಚಿತ್ರದ ಹೆಸರನ್ನು ಕೇಳದ ಮನೆಗಳು ವಿರಳವೆಂದೇ ಹೇಳಬೇಕು. ಟೋನಿ ಸ್ಕಾಟ್ ಎಂಬಾತನು ನಿರ್ದೇಶಿಸಿದ, ಟಾಮ್ ಕ್ರೂಸ್ ಎಂಬ ನಟನು ನಾಯಕನಾಗಿ ಅಭಿನಯಿಸಿದ ಈ ಚಿತ್ರವು ಆ ದೇಶದಲ್ಲಿ ಆ ವರ್ಷದ ಚಿತ್ರಗಳೆಲ್ಲಕ್ಕಿಂತ ಹೆಚ್ಚು ಹಣವನ್ನು ಗಳಿಸಿತು. ಶಬ್ದವನ್ನು ಹಿಂದಿಕ್ಕಿ ಹಾರುವ ವಿಮಾನಗಳು, ನಡುಗಡಲಿನಲ್ಲಿ ತೇಲುವ ವಿಮಾನವಾಹಕ ನೌಕೆ, ಕಟ್ಟಳೆಗಳನ್ನು ಲೆಕ್ಕಿಸದ ಒಬ್ಬ ಧೀರ ತರುಣ. ನೋಟಕರ ಮನಸ್ಸನ್ನು ಸೆಳೆಯಲು ಇಷ್ಟು ಸಾಲದೆ? ಆದರೆ ಈ ಚಿತ್ರದಲ್ಲಿ ಬರುವ ಶಾಲೆಯು ಕವಿಕಲ್ಪಿತವಾದುದಲ್ಲ. ಅದಕ್ಕೊಂದು ಚರಿತ್ರೆಯುಂಟು, ಅದನ್ನು ಅರಿತು ನೋಡಿದವರಿಗೆ ಚಿತ್ರವು ಬೇರೊಂದು ಬಗೆಯಾಗಿ ಕಾಣುತ್ತದೆ. ಆ ಚರಿತ್ರೆಯನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶವಾಗಿದೆ.

ಕೊರಿಯಾದ ಯುದ್ಧದಲ್ಲಿ (1950–53) ತಮ್ಮದೊಂದು ವಿಮಾನವು ಬಿದ್ದರೆ ಶತ್ರುವಿನವು ಹತ್ತು ಬಿದ್ದುವೆಂದು ಅಮೇರಿಕನರು ಹೇಳಿಕೊಳ್ಳುತ್ತಿದ್ದರು. ಈ ಲೆಕ್ಕವು ಮುಂದೆ ವಿದ್ವಾಂಸರ ಪರಿಶೀಲನೆಯಲ್ಲಿ ಬಹಳಮಟ್ಟಿಗೆ ಕುಗ್ಗಿತೆಂಬುದು ಬೇರೆಯ ಮಾತು. ಅವರ ನಂಬಿಕೆಯಂತೂ ಅದಾಗಿತ್ತು. ವಿಯಟ್ನಾಮಿನಲ್ಲಿ 1965ರಿಂದ 1968ರ ವರೆಗೆ ಈ ಪ್ರಮಾಣವು ಒಂದಕ್ಕೆ ಸುಮಾರು ಎರಡೂವರೆಯಷ್ಟಕ್ಕೆ ಇಳಿಯಿತು. ಎದುರಾಳಿಯ ಕೈಯಲ್ಲಿದ್ದ ಮಿಗ್–17 ವಿಮಾನವು ಶಬ್ದದ ವೇಗವನ್ನೂ ಮುಟ್ಟಲಾರದ ಹಳೆಯ ಯಂತ್ರ. ಅಮೇರಿಕದ ನೌಕಾದಳದ ಫ್ಯಾಂಟಮ್ ವಿಮಾನವಾದರೋ ಶಬ್ದದ ಎರಡರಷ್ಟು ವೇಗದಿಂದ ಹಾರತಕ್ಕದ್ದು. ಹೀಗಿದ್ದೂ ಈ ಅವಸ್ಥೆಗೆ ಕಾರಣವೇನು? ಕ್ಷಿಪಣಿಗಳು ಬಂದಮೇಲೆ ಸಮೀಪದ ಕಾಳಗದ ಕಾಲವೇ ಮುಗಿಯಿತೆಂದು ಬಗೆದು, ನೌಕಾದಳದವರು ಫ್ಯಾಂಟಮಿನಲ್ಲಿ ಬಂದೂಕನ್ನೇ ಇರಿಸಿರಲಿಲ್ಲ. ಆಕಾಶದ ದ್ವಂದ್ವಯುದ್ಧದ ವರಸೆಗಳನ್ನು ಕಲಿಸುವುದನ್ನೂ ಬಹುಮಟ್ಟಿಗೆ ಬಿಟ್ಟುಬಿಟ್ಟಿದ್ದರು. ಗರಡಿಯನ್ನು ಮುಚ್ಚಿ ಜಟ್ಟಿಯನ್ನು ಕಣಕ್ಕೆ ಕಳುಹಿಸಿದಂತಾಗಿತ್ತು.

ಇದರ ಕಾರಣವನ್ನು ಶೋಧಿಸಲು 1968ರಲ್ಲಿ ಕ್ಯಾಪ್ಟನ್ ಫ್ರಾಂಕ್ ಆಲ್ಟ್ ಎಂಬ ಅಧಿಕಾರಿಯನ್ನು ನೇಮಿಸಿದರು. ಆತನು ‘ಕಾರಲ್ ಸೀ’ ಎಂಬ ವಿಮಾನವಾಹಕ ನೌಕೆಯ ನಾಯಕನಾಗಿದ್ದವನು. ತನ್ನವರು ಹೇಗೆ ಮಡಿದರೆಂಬುದನ್ನು ಕಣ್ಣಾರೆ ಬಲ್ಲವನು. ಮೂರು ವರ್ಷಗಳಲ್ಲಿ ಸುಮಾರು ಆರುನೂರು ಕ್ಷಿಪಣಿಗಳನ್ನು ಹಾರಿಸಿದ್ದರೂ, ಹತ್ತು ಪ್ರಯತ್ನಗಳಿಗೆ ಒಂದರಂತೆ ಮಾತ್ರ ಗುರಿ ಸಿಕ್ಕಿತ್ತೆಂದು ಆತನ ವರದಿಯು ತೋರಿಸಿತು. ಸ್ವಪಕ್ಷದ ದೋಷಗಳನ್ನು ಹೀಗೆ ಮುಚ್ಚುಮರೆಯಿಲ್ಲದೆ ಬರೆದಿಟ್ಟ ಸೈನಿಕ ವರದಿಗಳು ಬಹಳ ಇಲ್ಲ. ಅದರಲ್ಲಿದ್ದ ಇನ್ನೂರಕ್ಕೂ ಮೇಲ್ಪಟ್ಟ ಸಲಹೆಗಳಲ್ಲಿ, ವೈಮಾನಿಕ ಯುದ್ಧದ ಮೇಲ್ತರದ ಶಾಲೆಯೊಂದನ್ನು ತೆರೆಯಬೇಕೆಂಬುದೂ ಒಂದಾಗಿತ್ತು.

ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋ ನಗರದ ಸಮೀಪದಲ್ಲಿರುವ ಮಿರಾಮಾರ್ ವಿಮಾನನೆಲೆಯಲ್ಲಿ 1969ನೆಯ ಮಾರ್ಚಿ 3ನೆಯ ತಾರೀಖು ಈ ಶಾಲೆಯು ಆರಂಭವಾಯಿತು. ಡ್ಯಾನ್ ಪೀಡರ್ಸನ್ ಎಂಬ ಅಧಿಕಾರಿಯೂ ಆತನ ಎಂಟು ಮಂದಿ ಜತೆಗಾರರೂ ಉಪಾಧ್ಯಾಯರು. ಯಾರಿಗೂ ಬೇಡವಾಗಿದ್ದ ಒಂದು ಹಳೆಯ ತಾತ್ಕಾಲಿಕ ಕೊಠಡಿಯೇ ಶಾಲೆ. ಸ್ಕೈಹಾಕ್ ಎಂಬ ಸಣ್ಣ ವಿಮಾನವು ಇಲ್ಲಿ ಮಿಗ್–17ರ ವೇಷವನ್ನು ಧರಿಸಿ ಶಿಷ್ಯರೊಡನೆ ಹೋರಾಡುತ್ತಿತ್ತು. ಆದರೆ ಹಾರಾಟಕ್ಕಿಂತಲೂ ಮುಖ್ಯವಾದುದು ಹಾರಾಟದ ತರುವಾಯ ನಡೆಯುತ್ತಿದ್ದ ಪರಾಮರ್ಶೆ. ನೆಲಕ್ಕಿಳಿದ ಮೇಲೆ ಪ್ರತಿಯೊಂದು ತಿರುವನ್ನೂ ಹಲಗೆಯ ಮೇಲೆ ಬರೆದು, ಎಲ್ಲಿ ತಪ್ಪಿದೆವೆಂಬುದನ್ನು ಗುರುಶಿಷ್ಯರಿಬ್ಬರೂ ಒಪ್ಪಿಕೊಳ್ಳಬೇಕಾಗಿತ್ತು. ಗುರುವಾಗಬೇಕೆಂಬವನು ಮೊದಲು ಸಹೋದ್ಯೋಗಿಗಳ ಸಭೆಯಲ್ಲಿ ತನ್ನ ಪಾಠವನ್ನು ಒಪ್ಪಿಸಿ, ಅವರ ನಿರ್ದಾಕ್ಷಿಣ್ಯವಾದ ಟೀಕೆಯನ್ನು ಸಹಿಸತಕ್ಕದ್ದು. ಶಿಷ್ಯರಿಗೆ ಒಂದನೆಯವನು, ಎರಡನೆಯವನು ಎಂಬ ತರಗತಿಗಳಿರಲಿಲ್ಲ, ಬಹುಮಾನವೂ ಇರಲಿಲ್ಲ. ಕಲಿತವನು ತನ್ನ ದಳಕ್ಕೆ ಹಿಂದಿರುಗಿ ಇತರರಿಗೆ ಕಲಿಸಬೇಕೆಂಬುದೇ ಶಾಲೆಯ ಆಶಯವಾಗಿದ್ದಿತು. 1972ರಲ್ಲಿ ಆಕಾಶಯುದ್ಧವು ಪುನಃ ಬಲವಾದಾಗ ನೌಕಾದಳದ ಪ್ರಮಾಣವು ಒಂದಕ್ಕೆ ಹನ್ನೆರಡರಷ್ಟಕ್ಕೆ ಏರಿತು. ಯುದ್ಧವನ್ನೇನೋ ಅಮೇರಿಕವು ಗೆಲ್ಲಲಿಲ್ಲ. ಶಾಲೆಯು ಮಾತ್ರ ಉಳಿಯಿತು.

ಹದಿನಾಲ್ಕು ವರ್ಷಗಳ ತರುವಾಯ, 1983ರ ಮೇ ತಿಂಗಳಲ್ಲಿ, ಈ ಶಾಲೆಯನ್ನು ಕುರಿತು ಎಹೂದ್ ಯೋನಾಯ್ ಎಂಬ ಲೇಖಕನು ‘ಕ್ಯಾಲಿಫೋರ್ನಿಯಾ’ ಎಂಬ ಮಾಸಪತ್ರಿಕೆಯಲ್ಲಿ ಒಂದು ಲೇಖನವನ್ನು ಬರೆದನು. ಅದನ್ನು ಕಂಡು ಡಾನ್ ಸಿಂಪ್ಸನ್, ಜೆರ್ರಿ ಬ್ರಕ್‌ಹೈಮರ್ ಎಂಬ ಇಬ್ಬರು ನಿರ್ಮಾಪಕರು ಚಿತ್ರಕ್ಕೆ ಕೈಹಾಕಿದರು. ಅವರ ಚಿತ್ರದಲ್ಲಿ ಶಾಲೆಯ ಸ್ವಭಾವವೇ ತಲೆಕೆಳಗಾಗಿದೆ. ಅಲ್ಲಿ ಬಹುಮಾನವಿದೆ, ಅದಕ್ಕಾಗಿ ಇಬ್ಬರು ತರುಣರ ಪೈಪೋಟಿಯಿದೆ, ತಪ್ಪನ್ನು ತಿದ್ದಿಕೊಳ್ಳುವ ಹಲಗೆಯ ಪಾಠಕ್ಕಿಂತ ಮೀಸೆ ತಿರುವುವ ಮಾತುಗಳೇ ಹೆಚ್ಚು. ಸೋಲಿನ ವರದಿಯಿಂದ ಹುಟ್ಟಿದ ಶಾಲೆಯೆಂಬ ಭಾವನೆಯು ನೋಟಕರಿಗೆ ಅಷ್ಟಾಗಿ ಮೂಡುವುದೇ ಇಲ್ಲ. ನಿಜವಾದ ಶಾಲೆಯಲ್ಲಿ ಈ ಚಿತ್ರದ ಮಾತುಗಳನ್ನು ಯಾರಾದರೂ ಉದ್ಧರಿಸಿದರೆ ಐದು ಡಾಲರು ದಂಡವನ್ನು ತೆರಬೇಕೆಂಬ ಕಟ್ಟಳೆಯಿರುವುದು ಸುಮ್ಮನೆಯಲ್ಲ.

ಇಲ್ಲಿ ಇನ್ನೊಂದು ವಿಷಯವನ್ನು ಗಮನಿಸಬೇಕು. ಯುದ್ಧವಿಮಾನವು ಬಾಡಿಗೆಯ ಅಂಗಡಿಯಲ್ಲಿ ದೊರೆಯುವ ವಸ್ತುವಲ್ಲ. 1927ರಲ್ಲಿ ಬಂದ ‘ವಿಂಗ್ಸ್’ ಎಂಬ ಮೂಕಚಿತ್ರಕ್ಕೆ ಅಮೇರಿಕದ ಭೂಸೈನ್ಯವೇ ವಿಮಾನಗಳನ್ನೂ ಸೈನಿಕರನ್ನೂ ಒದಗಿಸಿತ್ತು. ಅಂದಿನಿಂದಲೂ ವಿಮಾನವನ್ನು ಕೊಡುವವರು ಕಥೆಯನ್ನು ಓದಿನೋಡಿ ಕೊಡುವುದೇ ವಾಡಿಕೆಯಾಯಿತು. ‘ಟಾಪ್ ಗನ್’ ತಂಡದವರು ನೌಕಾದಳದ ಟಾಮ್‌ಕ್ಯಾಟ್ ವಿಮಾನವು ಹಾರಿದ ಪ್ರತಿಯೊಂದು ಗಂಟೆಗೂ ಏಳು ಸಾವಿರಕ್ಕೆ ಮೇಲ್ಪಟ್ಟ ಡಾಲರುಗಳನ್ನು ತೆತ್ತರು. ‘ಎಂಟರ್‌ಪ್ರೈಸ್’ ನೌಕೆಯ ಮೇಲೆ ಬಿಸಿಲು ಬೇಕಾದ ಕಡೆಗೆ ಬೀಳಲೆಂದು, ಹಡಗನ್ನು ತಿರುಗಿಸುವುದಕ್ಕಾಗಿ ಇಪ್ಪತ್ತೈದು ಸಾವಿರ ಡಾಲರುಗಳ ಚೆಕ್ಕನ್ನು ಅಲ್ಲಿಯೇ ಬರೆದುಕೊಟ್ಟೆನೆಂದು ಸ್ಕಾಟನೇ ಹೇಳಿಕೊಂಡಿದ್ದಾನೆ. ಹಣಕ್ಕಿಂತ ಹೆಚ್ಚಿನ ಬೆಲೆಯು ಕಥೆಯಲ್ಲಿ ಸಂದಿತು. ನಾಯಿಕೆಯು ಮೊದಲು ಸೇನೆಯವಳಾಗಿದ್ದಳು. ಅಧಿಕಾರಿಗೂ ಕೆಳದರ್ಜೆಯವರಿಗೂ ಪ್ರಣಯವು ನಿಷಿದ್ಧವಾದುದರಿಂದ ಆಕೆಯನ್ನು ಸೇನೆಯ ಹೊರಗಿನ ಪಂಡಿತೆಯನ್ನಾಗಿ ಮಾಡಿದರು. ನಾಯಕನ ಗೆಳೆಯನು ಎರಡು ವಿಮಾನಗಳ ಡಿಕ್ಕಿಯಲ್ಲಿ ಸಾಯುವನೆಂದು ಮೊದಲು ಬರೆದಿದ್ದಿತು. ವಿಮಾನಗಳು ಅತಿಯಾಗಿ ಬೀಳುತ್ತವೆಯೆಂದು ನೌಕಾದಳದವರು ಆಕ್ಷೇಪಿಸಲು, ಆ ಮರಣವನ್ನು ಬದಲಾಯಿಸಿದರು. ವಿಮಾನವು ಮುನ್ನಡೆಯುವ ವೇಗವನ್ನೆಲ್ಲ ಕಳೆದುಕೊಂಡು ಬುಗುರಿಯಂತೆ ಸುತ್ತುತ್ತ ಇಳಿಯುವಾಗ, ಪೀಠಸಹಿತವಾಗಿ ಹೊರಕ್ಕೆ ಚಿಮ್ಮಿದ ಗೆಳೆಯನು ಗಾಜಿನ ಮುಚ್ಚಳಕ್ಕೆ ಬಡಿದು ಸಾಯುವಂತೆ ಮಾಡಿದರು.

ಈ ಬುಗುರಿಸುತ್ತಿನ ನೋಟವನ್ನು ಆಕಾಶದಿಂದ ಚಿತ್ರಿಸಿಕೊಳ್ಳಬೇಕಾಗಿತ್ತು. ಆರ್ಟ್ ಶೋಲ್ ಎಂಬ ಪ್ರಸಿದ್ಧ ಸಾಹಸಿ ವೈಮಾನಿಕನು 1985ನೆಯ ಸೆಪ್ಟೆಂಬರ್ 16ನೆಯ ತಾರೀಖು ಕ್ಯಾಮೆರಾ ಕಟ್ಟಿದ ತನ್ನ ಪುಟ್ಟ ಪಿಟ್ಸ್ ವಿಮಾನವನ್ನು ಕಾರ್ಲ್ಸ್‌ಬಾಡಿನ ಸಮುದ್ರದ ಮೇಲೆ ಹಾಗೆಯೇ ಸುತ್ತಿಸಿದನು. ಸುತ್ತಿನಿಂದ ವಿಮಾನವು ಹೊರಬರಲಿಲ್ಲ. ಏನೋ ತೊಂದರೆಯಾಗಿದೆಯೆಂದು ರೇಡಿಯೋವಿನಲ್ಲಿ ತಿಳಿಸುತ್ತಿದ್ದಂತೆಯೇ ಸಮುದ್ರಕ್ಕೆ ಬಿದ್ದನು. ಆತನ ದೇಹವಾಗಲಿ ವಿಮಾನವಾಗಲಿ ಸಿಕ್ಕಲಿಲ್ಲ, ಕಾರಣವೂ ತಿಳಿಯಲಿಲ್ಲ. ಚಿತ್ರವನ್ನು ಆತನಿಗೆ ಅರ್ಪಿಸಿದ್ದಾರೆ. ಚಿತ್ರವು ಮುಗಿದು ಜನರು ಏಳುವ ಗಡಿಬಿಡಿಯಲ್ಲಿ ಆ ಒಂದು ಸಾಲನ್ನು ಓದಿದವರು ಎಷ್ಟು ಮಂದಿಯೋ!

ಕೊನೆಯಲ್ಲಿ ಬರುವ ಶತ್ರುಗಳಿಗೆ ದೇಶದ ಹೆಸರೇ ಇಲ್ಲ. ಅವರ ‘ಮಿಗ್–28’ ಎಂಬ ವಿಮಾನವು ಪ್ರಪಂಚದಲ್ಲಿಲ್ಲ. ಕಪ್ಪು ಬಣ್ಣ ಬಳಿದ ಅಮೇರಿಕದ ಎಫ್–5 ವಿಮಾನಗಳೇ ಅವು. ಚಿತ್ರಮಂದಿರಗಳ ಬಾಗಿಲಲ್ಲಿ ನೌಕಾದಳದವರು ಮೇಜುಗಳನ್ನಿರಿಸಿಕೊಂಡು ತರುಣರನ್ನು ಸೇರಿಸಿಕೊಳ್ಳಲು ಕುಳಿತರು. ಸೇರಿದವರ ಸಂಖ್ಯೆಯು ಐದು ಪಟ್ಟಾಯಿತೆಂಬ ಜನಜನಿತವಾದ ಮಾತಿಗೆ ದಾಖಲೆಗಳ ಬೆಂಬಲವಿಲ್ಲ. 1991ರಲ್ಲಿ ಬಂದ ‘ಹಾಟ್ ಶಾಟ್ಸ್’ ಎಂಬ ಅಣಕಚಿತ್ರದಲ್ಲಿ ನಾಯಕನು ಹಾರಿಸಿದ್ದು ನ್ಯಾಟ್ ಜಾತಿಯ ವಿಮಾನ. ನಮ್ಮ ಬೆಂಗಳೂರಿನ ಕಾರ್ಖಾನೆಯಲ್ಲಿ ತಯಾರಾಗಿ, 1965ರಲ್ಲಿಯೂ 1971ರಲ್ಲಿಯೂ ನಿಜವಾದ ಯುದ್ಧವನ್ನು ಕಂಡ ನ್ಯಾಟಿನ ದಾಯಾದಿಯನ್ನು ಅಲ್ಲಿ ನಗೆಗಾಗಿ ಕುಣಿಸಿದ್ದನ್ನು ಕಂಡು ಇಲ್ಲಿಯ ಹಿರಿಯರು ಏನೆಂದುಕೊಂಡರೋ!

ಶಾಲೆಯನ್ನು 1996ರಲ್ಲಿ ನೆವಾಡಾದ ಫಾಲನ್ ಎಂಬ ಮರುಭೂಮಿಯ ನೆಲೆಗೆ ಸಾಗಿಸಿದರು. ಟಾಮ್‌ಕ್ಯಾಟ್ ವಿಮಾನವು 2006ರಲ್ಲಿ ನೌಕಾದಳದ ಸೇವೆಯಿಂದ ನಿವೃತ್ತವಾಯಿತು. 2022ರಲ್ಲಿ ‘ಟಾಪ್ ಗನ್: ಮ್ಯಾವರಿಕ್’ ಎಂಬ ಉತ್ತರಭಾಗವು ಬಂದು ಲೋಕವೆಲ್ಲ ಸೇರಿ 140 ಕೋಟಿ ಡಾಲರುಗಳಿಗೂ ಮಿಕ್ಕಿ ಗಳಿಸಿತು. ಈ ಸಲವೂ ಶತ್ರುವಿಗೆ ಹೆಸರಿಲ್ಲ; ಈ ಸಲವೂ ವಿಮಾನಗಳು ನೌಕಾದಳದವೇ. ನಟರನ್ನು ನಿಜವಾಗಿಯೂ ಆಕಾಶಕ್ಕೆ ಕೊಂಡೊಯ್ದರೆಂಬುದು ಮೆಚ್ಚತಕ್ಕ ಸಂಗತಿ. ಆದರೆ ಎಫ್–18 ವಿಮಾನದ ಚಾಲನೆಗೆ ಕ್ರೂಸನಿಗೂ ಅಪ್ಪಣೆಯಾಗಲಿಲ್ಲ. ನಟರೆಲ್ಲರೂ ಹಿಂದಿನ ಪೀಠದಲ್ಲಿ ಕುಳಿತಿದ್ದರು. ಮುಂದಿನ ಪೀಠದಲ್ಲಿದ್ದು ವಿಮಾನವನ್ನು ನಡೆಸಿದವರು ನೌಕಾದಳದ ವೈಮಾನಿಕರು. ಕ್ಯಾಮೆರಾಗಳು ಅವರ ಕಡೆಗೆ ತಿರುಗಿರಲಿಲ್ಲ.